ಬಿಲ್ಲು ಕೊಂಡದ್ದಾಯಿತು, ಬಾಣ ಯಾವುದು?

ಸಾಂಪ್ರದಾಯಿಕ ಬಿಲ್ಲುಗಾರಿಕೆಯನ್ನು ಕುರಿತು ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಬಾಣದ ಬಗ್ಗೆಯೇ ಇವೆ. ಬಿಲ್ಲು ಕೊಳ್ಳುವ ಮುಂಚೆ ತಿಂಗಳುಗಟ್ಟಲೆ ವಿಚಾರಿಸಿದವರೂ ಬಾಣವನ್ನು ಮಾತ್ರ ಅಂಗಡಿಯವರು ಕೊಟ್ಟದ್ದನ್ನೇ ತಂದು, ಆಮೇಲೆ ಪೇಚಿಗೆ ಸಿಕ್ಕಿ ಬರೆದಿದ್ದಾರೆ. ಒಂದೇ ಬಗೆಯ ಪತ್ರಗಳನ್ನು ಒಟ್ಟುಗೂಡಿಸಿ ಆರು ಪ್ರಶ್ನೆಗಳನ್ನು ಇಲ್ಲಿ ಆರಿಸಿಕೊಂಡಿದ್ದೇನೆ.

ರಾಜಾಜಿನಗರದ ಓದುಗರೊಬ್ಬರ ಪ್ರಶ್ನೆ: ನನಗೆ 45 ವರ್ಷ, ಎತ್ತರ 5 ಅಡಿ 5 ಅಂಗುಲ. ಆರು ತಿಂಗಳ ಹಿಂದೆ ಕುದುರೆ ಸವಾರರು ಬಳಸುತ್ತಿದ್ದ ಮಾದರಿಯ ಬಿಲ್ಲೊಂದನ್ನು ಕೊಂಡೆ. ಬಾಣವನ್ನು ಇಡಲು ಅದರಲ್ಲಿ ಬೇರೆ ಕಟ್ಟೆಯಿಲ್ಲ, ಹಿಡಿದ ಮುಷ್ಟಿಯ ಮೇಲೆಯೇ ಇಡಬೇಕು. ಬಿಲ್ಲಿನ ಮೇಲೆ 40 ಪೌಂಡ್ ಎಂದು ಬರೆದಿದೆ. ಅಂಗಡಿಯವರು 500 ಎಂದು ಗುರುತಿರುವ ಒಂದು ಡಜನ್ ಕಾರ್ಬನ್ ಬಾಣಗಳನ್ನು ನನ್ನ ಅಳತೆಗೆ ಕತ್ತರಿಸಿಕೊಟ್ಟರು. ನಾನು ಬಲಗೈಯಲ್ಲಿ, ಮೂರು ಬೆರಳಿನಿಂದ ಹೆದೆ ಎಳೆಯುವವನು. 15 ಮೀಟರ್ ದೂರದಿಂದ ಬಿಟ್ಟ ಬಾಣಗಳೆಲ್ಲ ಗುರಿಯಿಂದ ಒಂದು ಗೇಣು ಎಡಕ್ಕೆ ನಾಟುತ್ತವೆ. ಕೈ ಇನ್ನೂ ಪಳಗಿಲ್ಲ ಎನ್ನುತ್ತಾರೆ. ತಪ್ಪು ಕೈಯದೋ, ಬಾಣದ್ದೋ?

ಉತ್ತರ: ಅರ್ಧ ಉತ್ತರ ನಿಮ್ಮ ಪತ್ರದಲ್ಲಿಯೇ ಇದೆ. ಕೈ ಪಳಗದವರ ಬಾಣಗಳು ಒಂದು ಎಡಕ್ಕೆ, ಒಂದು ಬಲಕ್ಕೆ, ಮತ್ತೊಂದು ನೆಲಕ್ಕೆ ಎಂಬಂತೆ ಚೆದುರುತ್ತವೆ. ನಿಮ್ಮವು ಎಲ್ಲವೂ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ತಪ್ಪುತ್ತಿವೆಯೆಂದರೆ ಆರು ತಿಂಗಳಲ್ಲಿ ನಿಮ್ಮ ಕೈ ಚೆನ್ನಾಗಿಯೇ ಕುದುರಿದೆ. ಪೂರ್ತಿ ಎಳೆದು ನಿಂತಾಗ ಬಾಣದ ಹಿಂತುದಿ ನಿಮ್ಮ ಬಲಗಣ್ಣಿನ ನೇರಕ್ಕೆ ಕೆಳಗಿದೆಯೇ ಎಂಬುದನ್ನು ಒಮ್ಮೆ ಬೇರೆಯವರಿಂದ ನೋಡಿಸಿ. ಅದು ಕಣ್ಣಿನಿಂದ ಹೊರಗೆ ಸರಿದಿದ್ದರೂ ಬಾಣ ಎಡಕ್ಕೆ ಹೋಗುತ್ತದೆ. ಅಲ್ಲಿ ದೋಷವಿಲ್ಲವಾದರೆ ಬಾಣವೇ ನಿಮಗೆ ಗಡುಸಾಯಿತು ಎಂದು ತಿಳಿಯಬೇಕು.

ಮೊದಲು ಆ 40ರ ಲೆಕ್ಕವನ್ನು ಬಿಡಿಸಿಕೊಳ್ಳೋಣ. ಬಿಲ್ಲಿನ ಮೇಲೆ ತಯಾರಕರು ಬರೆಯುವುದು ಸಾಮಾನ್ಯವಾಗಿ ಹೆದೆಯನ್ನು 28 ಅಂಗುಲಕ್ಕೆ ಎಳೆದಾಗ ಬರುವ ಭಾರ. ಚಾಚಿದ ಎರಡು ತೋಳುಗಳ ತುದಿಯಿಂದ ತುದಿಗಿರುವ ಅಳತೆಯನ್ನು 2.5ರಿಂದ ಭಾಗಿಸಿದರೆ ಒಬ್ಬರ ಎಳೆತದ ಉದ್ದದ ಅಂದಾಜು ಸಿಗುತ್ತದೆ. ನಿಮ್ಮ ಎತ್ತರದವರಿಗೆ ಅದು ಸುಮಾರು 26 ಅಂಗುಲವಾಗುತ್ತದೆ. ಇಂಥ ಬಿಲ್ಲುಗಳು ಕೊನೆಯ ಒಂದೊಂದು ಅಂಗುಲಕ್ಕೆ 2ರಿಂದ 3 ಪೌಂಡಿನಷ್ಟು ಏರುವುದರಿಂದ, ನಿಮ್ಮ ಕೈಯಲ್ಲಿ ಆ ಬಿಲ್ಲು 35 ಪೌಂಡಿನ ಆಸುಪಾಸಿನದೇ ಹೊರತು 40ರದಲ್ಲ. ಅಂದಾಜಿನಲ್ಲಿ ನಂಬಿಕೆಯಿಲ್ಲದಿದ್ದರೆ ವಿಮಾನ ಪ್ರಯಾಣಕ್ಕೆ ಮುಂಚೆ ಸೂಟ್‌ಕೇಸ್ ತೂಗಲು ಬಳಸುವ, ಕೊಕ್ಕೆಯಿರುವ ಡಿಜಿಟಲ್ ತಕ್ಕಡಿಯನ್ನು ತನ್ನಿ. ಅದರ ಕೊಕ್ಕೆಯನ್ನು ಹೆದೆಯ ನಡುವಿಗೆ ಸಿಕ್ಕಿಸಿ, ನೀವು ನಿಜವಾಗಿ ಎಷ್ಟು ಎಳೆಯುವಿರೋ ಅಷ್ಟೇ ಎಳೆದು, ಅಂಕಿಯನ್ನು ಪಕ್ಕದವರಿಂದ ಓದಿಸಿ. 16 ಕಿಲೋ ತೋರಿಸಿದರೆ ಅದು 35 ಪೌಂಡ್. ಬಾಣವನ್ನು ಆರಿಸಬೇಕಾದದ್ದು ಈ ಅಂಕಿಗೆ. ಅಂಗಡಿಯಲ್ಲಿ ಬಿಲ್ಲಿನ ಮೇಲಿನ ಬರಹವನ್ನು ಓದಿದರೇ ವಿನಾ ನಿಮ್ಮ ತೋಳನ್ನು ಯಾರೂ ಅಳೆದಂತೆ ಕಾಣುವುದಿಲ್ಲ.

ಇನ್ನು ಗಡುಸಾದ ಬಾಣ ಎಡಕ್ಕೇ ಏಕೆ ಹೋಗಬೇಕು? ಬೆರಳು ಬಿಟ್ಟೊಡನೆ ಹೆದೆಯು ಬಿಲ್ಲಿನ ಹಿಡಿಯ ನಡುಮಧ್ಯಕ್ಕೆ ಧಾವಿಸುತ್ತದೆ; ಬಾಣವಾದರೋ ಹಿಡಿಯ ಎಡಮಗ್ಗುಲಿಗೆ ಒರಗಿ ಕುಳಿತಿರುತ್ತದೆ. ಹಿಂತುದಿ ನಡುವಿಗೆ ಬರುತ್ತಿದ್ದಂತೆ, ಹಿಡಿ ಅಡ್ಡವಿರುವ ಕಾರಣ, ಮೊನೆ ಎಡಕ್ಕೆ ಹೊರಳಲೇಬೇಕು. ಹಾಗಿದ್ದೂ ಹೊಂದುವ ಬಾಣ ಗುರಿಗೆ ನೇರವಾಗಿ ಹೋಗುವುದು ಅದು ಬಳುಕುವುದರಿಂದ. ಹಿಂದಿನಿಂದ ಬಿದ್ದ ಒತ್ತಡಕ್ಕೆ ಕಡ್ಡಿ ಒಮ್ಮೆ ಹಿಡಿಯ ಕಡೆಗೆ ಬಾಗಿ, ಮರುಕ್ಷಣ ಹಿಡಿಯಿಂದಾಚೆಗೆ ಬಾಗಿ, ಹಿಡಿಯನ್ನು ಸವರದೆಯೇ ಅದನ್ನು ಬಳಸಿಕೊಂಡು ಮುಂದೆ ಸಾಗಿ, ಮೀನಿನಂತೆ ಬಳುಕುತ್ತಾ ಕ್ರಮೇಣ ನೆಟ್ಟಗಾಗುತ್ತದೆ. 1930ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಛಾಯಾಗ್ರಹಣದಿಂದ ಈ ಬಳುಕಾಟವನ್ನು ಹಿಡಿದು ತೋರಿಸಿದರು. ಬರಿಗಣ್ಣಿಗೆ ಇದು ಕಾಣುವಂಥದ್ದಲ್ಲ. ಬಾಗಲು ಒಪ್ಪದ ಕಡ್ಡಿ ಹಿಡಿಗೆ ತಗುಲಿ ಎಡಕ್ಕೆ ಚಿಮ್ಮುತ್ತದೆ, ಅತಿಯಾಗಿ ಬಾಗುವ ಕಡ್ಡಿ ಬಲಕ್ಕೆ ಹೊರಳುತ್ತದೆ. ಒಲಿಂಪಿಕ್ ಸ್ಪರ್ಧೆಯ ಬಿಲ್ಲುಗಳ ಹಿಡಿಯನ್ನು ನಡುವಿನವರೆಗೂ ಕೊರೆದಿರುವುದರಿಂದ ಅವುಗಳಿಗೆ ಈ ಸುತ್ತುದಾರಿಯ ಕಷ್ಟ ಕಡಿಮೆ. ನಿಮ್ಮ ಬಿಲ್ಲಿನಲ್ಲಿ ಆ ಕೊರೆತವೇ ಇಲ್ಲ. ಆದ್ದರಿಂದ ಅಷ್ಟೇ ಭಾರದ ಆಧುನಿಕ ಬಿಲ್ಲಿಗಿಂತ ಹೆಚ್ಚು ಬಳುಕುವ ಬಾಣವನ್ನು ಅದು ಕೇಳುತ್ತದೆ. ಯಾವ ಬಿಲ್ಲಿಗೆ ಯಾವ ಬಾಣ ಎಂದು ತಿಳಿಸುವ ಕೋಷ್ಟಕಗಳನ್ನು ಬಹುತೇಕ ಆಧುನಿಕ ಬಿಲ್ಲುಗಳಿಗೆಂದೇ ಸಿದ್ಧಪಡಿಸಿರುತ್ತಾರೆ ಎಂಬುದನ್ನು ಅಂಗಡಿಯವರೂ ಮರೆಯುತ್ತಾರೆ.

ಕಾರ್ಬನ್ ಬಾಣದ ಮೇಲಿನ 500, 600, 700 ಎಂಬ ಅಂಕಿ ಈ ಬಳುಕಿನ ಅಳತೆ. ಬಿಲ್ಲುಗಾರರು ಅದನ್ನು ಸ್ಪೈನ್ ಎನ್ನುತ್ತಾರೆ. ಅಂಕಿ ದೊಡ್ಡದಾದಷ್ಟೂ ಬಳುಕು ಹೆಚ್ಚು. ಆದರೆ ಒಂದೇ ಕಡ್ಡಿಯನ್ನು ಉದ್ದವಾಗಿ ಉಳಿಸಿದರೆ ಅಥವಾ ಅದಕ್ಕೆ ಭಾರವಾದ ಮೊನೆ ಹಾಕಿದರೆ ಹಾರುವಾಗ ಅದು ಇನ್ನೂ ಹೆಚ್ಚು ಬಳುಕುತ್ತದೆ. ಕತ್ತರಿಸಿ ಕಿರಿದಾಗಿಸಿದರೆ ಅಥವಾ ಹಗುರ ಮೊನೆ ಹಾಕಿದರೆ ಗಡುಸಾಗುತ್ತದೆ. ನಿಮ್ಮ ಬಾಣಗಳಿಗೆ ಈಗಾಗಲೇ ಕತ್ತರಿ ಬಿದ್ದಿರುವುದರಿಂದ ಉದ್ದದ ದಾರಿ ಮುಚ್ಚಿದೆ, ಮೊನೆಯ ದಾರಿ ಮಾತ್ರ ಉಳಿದಿದೆ. ಈಗ 100 ಗ್ರೇನಿನ ಮೊನೆ ಇದ್ದರೆ 150ರದನ್ನೂ 175ರದನ್ನೂ ಒಂದೊಂದು ತರಿಸಿ ಪರೀಕ್ಷಿಸಿ. ಮೊನೆಗಳ ತೂಕವನ್ನು ಎಲ್ಲೆಡೆಯೂ ಗ್ರೇನ್‌ನಲ್ಲೇ ಹೇಳುವುದು ರೂಢಿ. ಒಂದು ಗ್ರಾಮಿಗೆ ಸುಮಾರು 15.4 ಗ್ರೇನ್. ಅದರಿಂದಲೂ ಬಾಣ ಎಡವನ್ನು ಬಿಡದಿದ್ದರೆ 600, 700, 800ರ ಕತ್ತರಿಸದ ಬಾಣಗಳನ್ನು ತಲಾ ಎರಡರಂತೆ ಕೊಳ್ಳಿ, ಡಜನ್ ಬೇಡ. ನಿಮಗೆ 700 ಒಪ್ಪಬಹುದೆಂದು ನನ್ನ ಊಹೆ. ಆದರೆ ಊಹೆಗೆ ದುಡ್ಡು ಹಾಕುವ ಮೊದಲು ಪರೀಕ್ಷೆ ನಡೆಯಲಿ.

ಪರೀಕ್ಷೆಯ ಕ್ರಮ ಹೀಗಿದೆ. ಎರಡು ಬಾಣಗಳಲ್ಲಿ ಒಂದರ ಗರಿಗಳನ್ನು ಪೂರ್ತಿ ತೆಗೆದು, ಗರಿಯ ತೂಕಕ್ಕೆ ಸರಿಯಾಗಿ ಅಷ್ಟು ಟೇಪನ್ನು ಅದೇ ಜಾಗಕ್ಕೆ ಸುತ್ತಿ. ಹತ್ತು ಮೀಟರಿನಿಂದ ಗರಿಯಿರುವುದನ್ನೂ ಗರಿಯಿಲ್ಲದ್ದನ್ನೂ ನಾಲ್ಕೈದು ಬಾರಿ ಬಿಡಿ. ಗರಿಯು ಬಾಣದ ತಪ್ಪನ್ನು ದಾರಿಯಲ್ಲೇ ತಿದ್ದಿ ಮುಚ್ಚಿಹಾಕುತ್ತದೆ. ಬೋಳು ಕಡ್ಡಿಗೆ ಆ ಆಸರೆಯಿಲ್ಲ. ಬೋಳು ಬಾಣ ಗರಿಯದಕ್ಕಿಂತ ಎಡಕ್ಕೆ ನಾಟಿದರೆ ಗಡುಸು, ಬಲಕ್ಕೆ ನಾಟಿದರೆ ಅತಿ ಬಳುಕು, ಎರಡೂ ಒಂದೇ ಕಡೆ ಬಂದರೆ ಜೋಡಿ ಕೂಡಿತು. ಬಳುಕು ಹೆಚ್ಚೆಂದು ಕಂಡರೆ ಕಾಲು ಅಂಗುಲದಂತೆ ಕತ್ತರಿಸುತ್ತಾ ಬನ್ನಿ, ಒಮ್ಮೆಲೇ ಒಂದು ಅಂಗುಲ ತೆಗೆಯಬೇಡಿ. ಏನೇ ಆದರೂ ಪೂರ್ತಿ ಎಳೆದಾಗ ಬಿಲ್ಲಿನ ಮುಂದೆ ಒಂದು ಅಂಗುಲವಾದರೂ ಬಾಣ ಚಾಚಿಕೊಂಡಿರಬೇಕು; ಅದಕ್ಕಿಂತ ಕಿರಿದಾದರೆ ಮೊನೆ ಮುಷ್ಟಿಯೊಳಕ್ಕೆ ಜಾರುವ ಅಪಾಯವಿದೆ. ಹೆಬ್ಬೆರಳಿಗೆ ಉಂಗುರ ತೊಟ್ಟು ಎಳೆಯುವ ಪದ್ಧತಿಯಲ್ಲಿ ಬಾಣ ಬಿಲ್ಲಿನ ಬಲಮಗ್ಗುಲಲ್ಲಿ ಕೂರುವುದರಿಂದ, ಆ ಪದ್ಧತಿಯವರು ಮೇಲೆ ಹೇಳಿದ ಎಡಬಲಗಳನ್ನು ಅದಲುಬದಲು ಮಾಡಿ ಓದಿಕೊಳ್ಳಬೇಕು.

ಬಸವನಗುಡಿಯಿಂದ: ಮರದ ಬಾಣಕ್ಕೆ 40–45 ಎಂದೂ, ಕಾರ್ಬನ್ ಬಾಣಕ್ಕೆ 600 ಎಂದೂ, ಅಲ್ಯೂಮಿನಿಯಂ ಬಾಣಕ್ಕೆ 1816 ಎಂದೂ ಬರೆದಿರುತ್ತಾರೆ. ಇವುಗಳಲ್ಲಿ ಯಾವುದಕ್ಕೆ ಯಾವುದು ಸಮ?

ಉತ್ತರ: ಮೂರೂ ಬೇರೆ ಬೇರೆ ಭಾಷೆಗಳು; ಒಂದನ್ನು ಇನ್ನೊಂದಕ್ಕೆ ತಿರುಗಿಸುವ ಗೊಡವೆಗೆ ಹೋಗದಿರುವುದೇ ಮೇಲು. 1816ರಲ್ಲಿ ಮೊದಲ ಎರಡು ಅಂಕಿ ಕೊಳವೆಯ ಹೊರವ್ಯಾಸವನ್ನು ಅಂಗುಲದ 64ನೆಯ ಭಾಗಗಳಲ್ಲಿಯೂ, ಉಳಿದೆರಡು ಅದರ ಗೋಡೆಯ ದಪ್ಪವನ್ನು ಅಂಗುಲದ ಸಾವಿರದ ಭಾಗಗಳಲ್ಲಿಯೂ ಹೇಳುತ್ತವೆ. ಅಂದರೆ 7 ಮಿಲಿಮೀಟರಿಗಿಂತ ಸ್ವಲ್ಪ ದಪ್ಪನಾದ, ಅರ್ಧ ಮಿಲಿಮೀಟರಿಗಿಂತ ತೆಳುಗೋಡೆಯ ಕೊಳವೆ. ಕಾರ್ಬನ್ನಿನ 600 ಎಂದರೆ 28 ಅಂಗುಲ ಅಂತರದ ಎರಡು ಆಧಾರಗಳ ಮೇಲೆ ಕಡ್ಡಿಯನ್ನಿಟ್ಟು ನಡುವೆ 880 ಗ್ರಾಂ ತೂಗುಹಾಕಿದಾಗ ಅದು 0.600 ಅಂಗುಲ ಜಗ್ಗುತ್ತದೆ ಎಂದರ್ಥ. ಮರದ ಬಾಣದಲ್ಲಿ ಆಧಾರಗಳ ಅಂತರ 26 ಅಂಗುಲ, ತೂಕ 2 ಪೌಂಡ್. ಜಗ್ಗಿದ ಅಂಗುಲಗಳಿಂದ 26ನ್ನು ಭಾಗಿಸಿ ಬಂದದ್ದನ್ನು ಪೌಂಡ್ ಎಂದು ಕರೆಯುತ್ತಾರೆ. ಈ ಪೌಂಡ್ ಬಾಣದ ತೂಕವಲ್ಲ. ಇಂಥ ಭಾರದ ಬಿಲ್ಲಿಗೆ ಇದು ಹೊಂದಬಹುದು ಎಂಬ ಒಂದು ಹಳೆಯ ಸೂಚನೆ ಅಷ್ಟೆ.

ಮರದ ಬಾಣಗಳನ್ನು ಕೊಂಡವರು ಇದನ್ನು ಮನೆಯಲ್ಲೇ ಅಳೆಯಬಹುದು, ಅಳೆಯಲೇಬೇಕು ಎಂಬುದು ನನ್ನ ಮಾತು. ನಾನು ಮಾಡಿಕೊಂಡಿರುವುದು ತೀರ ಸರಳವಾದದ್ದು: ಒಂದು ಹಲಗೆಗೆ ಸರಿಯಾಗಿ 26 ಅಂಗುಲ, ಅಂದರೆ 66 ಸೆಂಟಿಮೀಟರ್ ಅಂತರದಲ್ಲಿ ಎರಡು ಮೊಳೆ ಹೊಡೆದು ಗೋಡೆಗೆ ಒರಗಿಸಿದ್ದೇನೆ. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ದಾರ ಕಟ್ಟಿ, ಅಡುಗೆಮನೆಯ ತಕ್ಕಡಿಯ ಮೇಲಿಟ್ಟು, ಬಾಟಲಿಯೂ ದಾರವೂ ಸೇರಿ 907 ಗ್ರಾಂ ಆಗುವವರೆಗೆ ನೀರು ತುಂಬಿಸುತ್ತೇನೆ. ಕಡ್ಡಿಯನ್ನು ಮೊಳೆಗಳ ಮೇಲಿಟ್ಟು ನಡುವಿನ ಎತ್ತರವನ್ನು ಹಲಗೆಯ ಮೇಲೆ ಪೆನ್ಸಿಲಿನಿಂದ ಗುರುತಿಸಿ, ಬಾಟಲಿಯನ್ನು ತೂಗುಬಿಟ್ಟು ಮತ್ತೆ ಗುರುತಿಸಿದರೆ ಎರಡು ಗೆರೆಗಳ ನಡುವಿನ ಅಂತರವೇ ಜಗ್ಗು. 660ನ್ನು ಆ ಮಿಲಿಮೀಟರುಗಳಿಂದ ಭಾಗಿಸಿ: 16.5 ಮಿಲಿಮೀಟರ್ ಜಗ್ಗಿದ್ದು 40 ಪೌಂಡಿನ ಕಡ್ಡಿ, 19 ಜಗ್ಗಿದ್ದು ಸುಮಾರು 35ರದು. ಒಂದೇ ಪೊಟ್ಟಣದಲ್ಲಿ, 40–45 ಎಂಬ ಒಂದೇ ಚೀಟಿಯಡಿ ಬಂದ ಹನ್ನೆರಡು ಕಡ್ಡಿಗಳಲ್ಲಿ 37ರದೂ 48ರದೂ ಇದ್ದುದನ್ನು ಈ ಬಾಟಲಿ ನನಗೆ ತೋರಿಸಿಕೊಟ್ಟಿತು. ಅದಕ್ಕೂ ಮುಂಚೆ ಒಂದು ವರ್ಷ ನಾನು ನನ್ನ ಕೈಯನ್ನೇ ಬೈದುಕೊಂಡಿದ್ದೆ.

ಅಳೆಯುವಾಗ ಇನ್ನೊಂದನ್ನು ಗಮನಿಸಿ. ಮರದ ಕಡ್ಡಿಯ ತುದಿಯನ್ನು ನೋಡಿದರೆ ಮರದ ವಾರ್ಷಿಕ ಉಂಗುರಗಳು ಸಣ್ಣ ಗೆರೆಗಳಂತೆ ಕಾಣುತ್ತವೆ. ಆ ಗೆರೆಗಳು ನೆಟ್ಟಗೆ ನಿಲ್ಲುವಂತೆ ಕಡ್ಡಿಯನ್ನು ಇಟ್ಟಾಗಿನ ಅಳತೆಯನ್ನೇ ಹಿಡಿಯಬೇಕು. ಅತ್ತಿತ್ತ ಹೊರಳಿಸಿದರೆ ಅಂಕಿಯೂ ಬದಲಾಗುತ್ತದೆ. ಹೆದೆಗೆ ಸಿಕ್ಕಿಸುವ ಕಚ್ಚನ್ನು, ಅಂದರೆ ನಾಕನ್ನು, ಆ ಗೆರೆಗಳಿಗೆ ಅಡ್ಡಲಾಗಿ ಕೂರಿಸಿದರೆ ಕಡ್ಡಿಯ ಗಡುಸು ಮಗ್ಗುಲು ಬಿಲ್ಲಿನ ಕಡೆಗೆ ಬಂದು, ಎಲ್ಲ ಬಾಣಗಳೂ ಒಂದೇ ರೀತಿ ಬಳುಕುತ್ತವೆ. ನಾಕ್ ಹೆದೆಗೆ ಎಷ್ಟು ಬಿಗಿ ಇರಬೇಕೆಂದು ಹಲವರು ಕೇಳಿದ್ದಾರೆ: ಬಾಣವನ್ನು ಹೆದೆಗೆ ಸಿಕ್ಕಿಸಿ ನೆಲದ ಕಡೆಗೆ ಇಳಿಬಿಟ್ಟಾಗ ಅದು ತಾನಾಗಿ ಬೀಳಬಾರದು, ಹೆದೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಬೀಳಬೇಕು.

ಯಲಹಂಕದ ಓದುಗರೊಬ್ಬರು ಕೇಳುತ್ತಾರೆ: ಹಗುರವಾದ ಬಾಣ ವೇಗವಾಗಿ, ದೂರಕ್ಕೆ ಹೋಗುತ್ತದೆ. ಹೀಗಿರುವಾಗ ಸಾಂಪ್ರದಾಯಿಕ ಬಿಲ್ಲುಗಾರರು ಭಾರವಾದ ಬಾಣಗಳನ್ನೇ ಏಕೆ ಹೊಗಳುತ್ತಾರೆ?

ಉತ್ತರ: ಎಳೆದ ಬಿಲ್ಲಿನಲ್ಲಿ ತುಂಬಿರುವ ಶಕ್ತಿಯನ್ನು ಹೊತ್ತೊಯ್ಯುವುದು ಬಾಣ. ಬಾಣ ಹಗುರವಾದಷ್ಟೂ ಹೊರುವ ಪಾಲು ಕಡಿಮೆಯಾಗಿ, ಉಳಿದ ಶಕ್ತಿ ಬಿಲ್ಲಿನ ತೋಳುಗಳಿಗೂ ಹೆದೆಗೂ ಹಿಡಿದ ಕೈಗೂ ಅದಿರಾಗಿ ಮರಳುತ್ತದೆ. ಬಾಣವೇ ಇಲ್ಲದೆ ಹೆದೆಯನ್ನು ಎಳೆದು ಬಿಡುವುದು ಇದರ ಕೊನೆಯ ಮೆಟ್ಟಿಲು. ಆ ತಪ್ಪನ್ನು ಯಾವ ಬಿಲ್ಲಿನ ಮೇಲೂ ಮಾಡಬಾರದು. ಮರ, ಬಿದಿರು, ಕೊಂಬಿನಂಥ ವಸ್ತುಗಳ ಬಿಲ್ಲಿಗೆ ಎಳೆತದ ಒಂದು ಪೌಂಡಿಗೆ 9ರಿಂದ 10 ಗ್ರೇನ್ ಎಂಬ ಲೆಕ್ಕ ಕ್ಷೇಮಕರವಾದದ್ದು. ನಿಮ್ಮ ನಿಜವಾದ ಎಳೆತ 35 ಪೌಂಡಾದರೆ ಮೊನೆ, ಗರಿ, ನಾಕ್ ಎಲ್ಲ ಸೇರಿ ಬಾಣ 315ರಿಂದ 350 ಗ್ರೇನ್, ಅಂದರೆ 20ರಿಂದ 23 ಗ್ರಾಂ ತೂಗಬೇಕು. ಫೈಬರ್ ಗ್ಲಾಸ್ ಹೊದಿಸಿದ ಬಿಲ್ಲಾದರೆ 8 ಗ್ರೇನಿಗೆ ಇಳಿಯಬಹುದು. ಅದಕ್ಕಿಂತ ಕೆಳಗಿಳಿಯುವ ಮೊದಲು ತಯಾರಕರನ್ನು ಕೇಳಿ.

ಇದನ್ನು ನಾನು ಕಲಿತದ್ದು ದುಬಾರಿ ಬೆಲೆ ತೆತ್ತು. ಪರಿಚಯದ ಯುವಕನೊಬ್ಬ ಬಳಸಿ ಬಿಟ್ಟ ತೆಳುವಾದ ಕಾರ್ಬನ್ ಬಾಣಗಳು ನನಗೆ ದೊರೆತಿದ್ದವು. ಒಂದೊಂದು 14 ಗ್ರಾಂ. ನನ್ನ 40 ಪೌಂಡಿನ ಬಿದಿರಿನ ಬಿಲ್ಲಿನಿಂದ ಅವುಗಳನ್ನು ಒಂದು ತಿಂಗಳು ಬಿಟ್ಟೆ. ಪ್ರತಿ ಸಲವೂ ಮುಂಗೈ ಜುಮ್ಮೆನ್ನುತ್ತಿತ್ತು, ಬಿಲ್ಲು ಠಣ್ಣೆನ್ನುತ್ತಿತ್ತು. ವೇಗಕ್ಕೆ ಮರುಳಾಗಿ ನಾನು ಎರಡನ್ನೂ ಲೆಕ್ಕಿಸಲಿಲ್ಲ. ಒಂದು ಬೆಳಗ್ಗೆ ಕೆಳತೋಳಿನಲ್ಲಿ ಕೂದಲೆಳೆಯಷ್ಟು ಸೀಳು ಕಾಣಿಸಿತು, ವಾರದೊಳಗೆ ಅದು ಬೆರಳುದ್ದವಾಯಿತು. ಆ ಬಾಣ ಪೌಂಡಿಗೆ ಐದೂವರೆ ಗ್ರೇನೂ ಇರಲಿಲ್ಲವೆಂದು ಲೆಕ್ಕ ಹಾಕಿದ್ದು ಬಿಲ್ಲು ಹೋದ ಮೇಲೆ. ನಗರ್ತಪೇಟೆಯ ಅಕ್ಕಸಾಲಿಗರು ಚಿನ್ನ ತೂಗಲು ಬಳಸುವಂಥ ಅಂಗೈಯಗಲದ ಡಿಜಿಟಲ್ ತಕ್ಕಡಿ ಈಗ ಎಲ್ಲೆಡೆ ಸಿಗುತ್ತದೆ. ಒಂದು ಬಿಲ್ಲಿನ ಬೆಲೆಗೆ ಹೋಲಿಸಿದರೆ ಅದು ಏನೂ ಅಲ್ಲ. ಬಾಣಗಳನ್ನು ಒಂದೊಂದಾಗಿ ತೂಗಿ, ಒಂದಕ್ಕೊಂದು ಅರ್ಧ ಗ್ರಾಮಿಗಿಂತ ಹೆಚ್ಚು ವ್ಯತ್ಯಾಸವಿರುವುದನ್ನು ಜೊತೆಯಿಂದ ಬೇರೆ ಮಾಡಿ.

ಜಯನಗರದಿಂದ ಬಂದ ಪತ್ರ: ಬಾಣಕ್ಕೆ ಪ್ಲಾಸ್ಟಿಕ್ ಗರಿ ಸಾಲದೇ? ಹಕ್ಕಿಯ ಗರಿಯೇ ಬೇಕೆನ್ನುವುದಾದರೆ, ಬೆಳಗಿನ ನಡಿಗೆಯಲ್ಲಿ ಮರದ ಕೆಳಗೆ ಸಿಗುವ ಹದ್ದಿನ ಗರಿಗಳನ್ನು ಬಳಸಬಹುದೇ?

ಉತ್ತರ: ಸಾಲದು. ಮುಷ್ಟಿಯ ಮೇಲೆ ಅಥವಾ ಬಿಲ್ಲಿನ ಕಟ್ಟೆಯ ಮೇಲೆ ಇಟ್ಟು ಬಿಡುವ ಬಾಣದ ಗರಿ ಆ ಮುಷ್ಟಿಯನ್ನೋ ಕಟ್ಟೆಯನ್ನೋ ಸವರಿಕೊಂಡೇ ಹೋಗುತ್ತದೆ. ಹಕ್ಕಿಯ ಗರಿ ತಗುಲಿದ ಕ್ಷಣ ಮಡಿಸಿಕೊಂಡು ದಾಟಿದ ಮೇಲೆ ಮತ್ತೆ ಅರಳುತ್ತದೆ; ಪ್ಲಾಸ್ಟಿಕ್ ಬಗ್ಗದೆ ಬಾಣದ ಬಾಲವನ್ನು ಆಚೆಗೆ ಒದೆಯುತ್ತದೆ. ಪ್ಲಾಸ್ಟಿಕ್ ಇರುವುದು ಬಾಣವನ್ನು ಬಿಲ್ಲಿನಿಂದ ದೂರ ಎತ್ತಿ ಹಿಡಿಯುವ ಸಾಧನವುಳ್ಳ ಆಧುನಿಕ ಬಿಲ್ಲುಗಳಿಗೆ.

ಹದ್ದಿನ ಗರಿ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಪ್ರಾಣಿ ಪಕ್ಷಿಗಳ ದೇಹಭಾಗಗಳಿಂದ ವಸ್ತುಗಳನ್ನು ಮಾಡುವುದನ್ನೂ ಮಾರುವುದನ್ನೂ ನಿಯಂತ್ರಿಸುತ್ತದೆ. ನೆಲದಲ್ಲಿ ಬಿದ್ದಿತ್ತೆಂಬ ಸಮಜಾಯಿಷಿ ಹೇಳುವ ಪ್ರಸಂಗವನ್ನು ತಂದುಕೊಳ್ಳುವುದೇಕೆ? ಪುರಾಣಗಳಲ್ಲಿ ಹದ್ದಿನ ಗರಿಯ ಬಾಣಗಳನ್ನು ಓದಿ ಮೆಚ್ಚೋಣ, ಕಟ್ಟುವಾಗ ಸಾಕುಹಕ್ಕಿಗಳಾದ ಟರ್ಕಿ ಕೋಳಿಯ ಅಥವಾ ಹೆಬ್ಬಾತಿನ ಗರಿಯನ್ನು ಬಳಸೋಣ. ಕತ್ತರಿಸಿ ಸಿದ್ಧಪಡಿಸಿದ ಟರ್ಕಿ ಗರಿಗಳು ಬಿಲ್ಲುಗಾರಿಕೆಯ ಸಾಮಾನು ಮಾರುವವರಲ್ಲಿ ಸಿಗುತ್ತವೆ. ಒಂದು ಎಚ್ಚರಿಕೆ: ಎಡರೆಕ್ಕೆಯ ಗರಿಯೂ ಬಲರೆಕ್ಕೆಯ ಗರಿಯೂ ಎದುರುಬದುರಾಗಿ ಬಾಗಿರುತ್ತವೆ. ಎರಡರಲ್ಲಿ ಯಾವುದಾದರೂ ಆದೀತು, ಆದರೆ ಒಂದೇ ಬಾಣದಲ್ಲಿ ಎರಡನ್ನೂ ಬೆರೆಸಿದರೆ ಒಂದು ಗರಿ ಬಾಣವನ್ನು ಒಂದು ಕಡೆ ತಿರುಗಿಸಿ ಇನ್ನೊಂದು ಎದುರು ಕಡೆಗೆ ತಿರುಗಿಸುತ್ತದೆ. ಕಲಿಯುವವರಿಗೆ 5 ಅಂಗುಲದ ಗರಿ ಒಳ್ಳೆಯದು. ಬಾಣವನ್ನು ಬೇಗ ನೆಟ್ಟಗಾಗಿಸುತ್ತದೆ. ಹೊಂದಾಣಿಕೆ ಕೂಡಿದ ಮೇಲೆ 4 ಅಂಗುಲಕ್ಕೆ ಇಳಿಯಬಹುದು. ಗರಿಯ ಮುಂತುದಿಯಲ್ಲಿ ಚಾಚಿರುವ ಕಡ್ಡಿಯನ್ನು ಉಜ್ಜಿ ನಯಗೊಳಿಸಿ, ಅದರ ಮೇಲೆ ದಾರವನ್ನು ಒತ್ತಾಗಿ ಸುತ್ತಿ ಅಂಟು ಸವರಿ. ಮುಷ್ಟಿಯ ಮೇಲಿಂದ ಬಾಣ ಬಿಡುವವರಿಗೆ ಇದು ಅಲಂಕಾರವಲ್ಲ. ಸುತ್ತದೆ ಬಿಟ್ಟ ಗರಿಯ ತುದಿ ತೋರುಬೆರಳಿನ ಬುಡವನ್ನು ಬ್ಲೇಡಿನಂತೆ ಗೀರುತ್ತದೆ.

ಗರಿಯ ಮಾತು ಬಂದದ್ದರಿಂದ ಒಂದು ಪದದ ನೆನಪು. ಬಾಣದ ಗರಿಯಿರುವ ಹಿಂತುದಿಗೆ ಸಂಸ್ಕೃತದಲ್ಲಿ ಪುಂಖ ಎನ್ನುತ್ತಾರೆ. ಒಂದು ಬಾಣದ ಪುಂಖದ ಬೆನ್ನಿಗೇ ಇನ್ನೊಂದು ಬರುವಂತೆ ಎಡೆಬಿಡದೆ ಎಸೆಯುವುದು ಪುಂಖಾನುಪುಂಖ. ಪುಂಖಾನುಪುಂಖವಾಗಿ ಭಾಷಣ ಮಾಡಿದರು ಎಂದು ನಾವು ದಿನಪತ್ರಿಕೆಯಲ್ಲಿ ಓದುವುದು ಈ ಮಾತನ್ನೇ. ಮಳೆಗಾಲದಲ್ಲಿ ಈ ಪುಂಖ ಒದ್ದೆಯಾಗಿ ಕಡ್ಡಿಗೆ ಅಂಟಿಕೊಂಡರೆ ಬಾಣ ಬೋಳಾದಂತೆಯೇ. ಬೆಂಗಳೂರಿನ ಸಂಜೆಮಳೆಗೆ ಸಿಕ್ಕಿದ ಬಾಣಗಳನ್ನು ಬತ್ತಳಿಕೆಯಲ್ಲಿ ಹಾಗೆಯೇ ಬಿಡದೆ ಒರೆಸಿ, ಗರಿಗಳು ಒಂದಕ್ಕೊಂದು ತಾಗದಂತೆ ಗಾಳಿಗೆ ಇಡಿ.

ಕೆಂಗೇರಿಯ ಯುವ ಓದುಗರ ಪ್ರಶ್ನೆ: ಬಿದಿರಿನ ಬಿಲ್ಲಿನಲ್ಲಿ, ಇಂಥ ಬಿಲ್ಲುಗಳಿಗೆಂದೇ ನಮ್ಮ ದೇಶದಲ್ಲಿ ನಡೆಸುವ ಇಂಡಿಯನ್ ರೌಂಡ್ ಸ್ಪರ್ಧೆಗೆ ಅಭ್ಯಾಸ ಮಾಡುತ್ತಿದ್ದೇನೆ. ನಮ್ಮಲ್ಲೇ ಸಿಗುವ ಬಿದಿರಿನಿಂದ ಬಾಣಗಳನ್ನು ಮಾಡಿಕೊಳ್ಳಬಹುದೇ? ಕಾರ್ಬನ್ ಬಾಣ ಬಳಸುವ ಗೆಳೆಯರು ಇದನ್ನು ಬಡವರ ಆಟ ಎನ್ನುತ್ತಾರೆ.

ಉತ್ತರ: ಗೆಳೆಯರಿಗೆ ಲಿಂಬಾ ರಾಮ್ ಅವರ ಹೆಸರನ್ನು ಹೇಳಿ. ರಾಜಸ್ಥಾನದ ಉದಯಪುರ ಸೀಮೆಯ ಬುಡಕಟ್ಟಿನವರಾದ ಅವರು ಬಿದಿರಿನ ಬಿಲ್ಲಿನಿಂದ ಕೈ ಪಳಗಿಸಿಕೊಂಡು 1988, 1992, 1996ರ ಮೂರು ಒಲಿಂಪಿಕ್ಸ್‌ಗಳಲ್ಲಿ ದೇಶವನ್ನು ಪ್ರತಿನಿಧಿಸಿದರು.

ಬಾಣವನ್ನು ಮಾಡಿಕೊಳ್ಳಬಹುದು, ತಾಳ್ಮೆ ಬೇಕು. ಬಂಬೂ ಬಜಾರಿನಲ್ಲಿ ಏಣಿಗೂ ಚಪ್ಪರಕ್ಕೂ ಮಾರುವ ದಪ್ಪ ಬಿದಿರನ್ನು ಸೀಳಿ, ಹೆರೆದು, ದುಂಡಗೆ ಮಾಡುವುದು ಒಂದು ದಾರಿ. ಬೆರಳಿಗಿಂತ ತೆಳುವಾಗಿ ಬೆಳೆಯುವ ಜಾತಿಯ ಇಡೀ ಗಳುವನ್ನು ಬಳಸುವುದು ಇನ್ನೊಂದು. ಎರಡನೆಯದು ಹೆಚ್ಚು ನೇರವಾದ ದಾರಿ, ಏಕೆಂದರೆ ಬಿದಿರಿನ ಬಲವೆಲ್ಲ ಅದರ ಹೊರಸಿಪ್ಪೆಯಲ್ಲಿರುತ್ತದೆ; ಸೀಳಿ ಹೆರೆದಾಗ ಅದೇ ಮೊದಲು ಹೋಗುತ್ತದೆ. ಬಲಿತ ಗಳುಗಳನ್ನು ಬೇಕಾದ್ದಕ್ಕಿಂತ ಎರಡು ಪಟ್ಟು ಸಂಖ್ಯೆಯಲ್ಲಿ ಆಯ್ದು, ಕಟ್ಟುಕಟ್ಟಿ ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಿ. ಆಮೇಲೆ ಕೆಂಡದ ಮೇಲೆ ಡೊಂಕಿರುವ ಜಾಗವನ್ನು ಮಾತ್ರ ತಿರುಗಿಸುತ್ತಾ ಕಾಯಿಸಿ, ಕೈಗೆ ಬಿಸಿ ತಾಳದಂತಾದಾಗ ಬಟ್ಟೆ ಹಿಡಿದು ಎದುರು ದಿಕ್ಕಿಗೆ ಸ್ವಲ್ಪ ಹೆಚ್ಚೇ ಬಗ್ಗಿಸಿ, ಆರುವವರೆಗೆ ಬಿಡದೆ ಹಿಡಿದುಕೊಳ್ಳಿ. ಬಣ್ಣ ಕಂದಾಯಿತೆಂದರೆ ಕಾಯಿಸಿದ್ದು ಹೆಚ್ಚಾಯಿತು; ಆ ಜಾಗ ಮುಂದೆ ಮುರಿಯುತ್ತದೆ. ಗೆಣ್ಣುಗಳ ಉಬ್ಬನ್ನು ಉಜ್ಜಿ ಸಮಮಾಡಿ, ಆದರೆ ಗೆಣ್ಣುಗಳ ನಡುವಿನ ಸಿಪ್ಪೆಯನ್ನು ಮುಟ್ಟಬೇಡಿ. ಬುಡದ ದಪ್ಪ ತುದಿಗೆ ಮೊನೆಯನ್ನೂ ತೆಳು ತುದಿಗೆ ನಾಕನ್ನೂ ಕೂರಿಸಿ. ನಾಕಿನ ಕಚ್ಚಿನ ಕೆಳಗೆ ದಾರವನ್ನು ಬಿಗಿಯಾಗಿ ಸುತ್ತದಿದ್ದರೆ ಹೆದೆಯ ಏಟಿಗೆ ಬಿದಿರು ಉದ್ದುದ್ದ ಸೀಳಿಕೊಳ್ಳುತ್ತದೆ.

ಇಷ್ಟಾದ ಮೇಲೆ ಮೇಲೆ ಹೇಳಿದ ನೀರಿನ ಬಾಟಲಿಯಿಂದ ಪ್ರತಿಯೊಂದನ್ನೂ ಅಳೆದು, ತೂಗಿ, ಹತ್ತಿರ ಹತ್ತಿರದವನ್ನು ಜೊತೆ ಮಾಡಿ. 24 ಗಳುಗಳಲ್ಲಿ 8 ಒಂದಕ್ಕೊಂದು ಹೊಂದಿದರೆ ಅದು ಒಳ್ಳೆಯ ಫಸಲು. ಇಂಡಿಯನ್ ರೌಂಡಿನ 30 ಮೀಟರಿನಲ್ಲಿ ಸಣ್ಣ ವ್ಯತ್ಯಾಸಗಳು ಅಡಗಿಕೊಳ್ಳಬಹುದು, 50 ಮೀಟರಿನಲ್ಲಿ ಒಂದೊಂದೂ ಎದ್ದು ಕಾಣುತ್ತದೆ. ಆದ್ದರಿಂದ ಅತ್ಯುತ್ತಮವಾದ ಎರಡು ಬಾಣಗಳಿಗಿಂತ ಒಂದೇ ತೆರನಾದ ಎಂಟು ಸಾಧಾರಣ ಬಾಣಗಳು ನಿಮಗೆ ಹೆಚ್ಚು ಅಂಕ ತರುತ್ತವೆ. ಮೊನೆ ಅಂಟಿಸಲು ಕರಗಿಸಿ ಹಾಕುವ ಅಂಟನ್ನು ಬಳಸಿದ್ದರೆ ಬಾಣಗಳನ್ನು ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಇಡಬೇಡಿ. ಅಂಟು ಸಡಿಲಗೊಂಡು, ಬಾಣವನ್ನು ಎಳೆದಾಗ ಮೊನೆ ಗುರಿಹಲಗೆಯಲ್ಲೇ ಉಳಿಯುತ್ತದೆ.

ವಿಜಯನಗರದ ತಾಯಿಯೊಬ್ಬರಿಂದ: ಹತ್ತು ವರ್ಷದ ಮಗಳಿಗೆ 15 ಪೌಂಡಿನ ಮರದ ಬಿಲ್ಲು ಕೊಡಿಸಿದ್ದೇವೆ. ಯಾವ ಬಾಣ ಕೊಡಿಸಲಿ? ಹಳೆಯ ಬಾಣಗಳು ಇನ್ನೂ ಚೆನ್ನಾಗಿವೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಅಷ್ಟು ಹಗುರವಾದ ಬಿಲ್ಲಿಗೆ ಬಳುಕಿನ ಲೆಕ್ಕಾಚಾರ ಬೇಡ, ಸಿಗುವ ಬಾಣಗಳೆಲ್ಲ ಅದಕ್ಕೆ ಗಡುಸೇ. 5/16 ಅಂಗುಲದ ತೆಳುವಾದ ಮರದ ಬಾಣಗಳು, ದೊಡ್ಡ ಗರಿಯವು, ಆರು ಸಾಕು. ಮಕ್ಕಳ ತೋಳು ಬೆಳೆಯುತ್ತಲೇ ಇರುವುದರಿಂದ ಈಗಿನ ಎಳೆತಕ್ಕಿಂತ ಮೂರು ಅಂಗುಲ ಉದ್ದವಾಗಿರಲಿ. ಮಗು ಎಷ್ಟು ಎಳೆದರೂ ಮೊನೆ ಬಿಲ್ಲಿನಿಂದ ಹಿಂದೆ ಬರುವಂತಿರಬಾರದು ಎಂಬುದೊಂದೇ ಇಲ್ಲಿ ಕಡ್ಡಾಯ.

ಹಳೆಯ ಬಾಣಗಳ ಪರೀಕ್ಷೆಯನ್ನು ಮಗಳಿಗೇ ಕಲಿಸಿ. ಮರದ ಬಾಣವನ್ನು ಎರಡೂ ತುದಿಯಲ್ಲಿ ಹಿಡಿದು, ಮುಖದಿಂದ ದೂರವಿಟ್ಟು, ನಾಲ್ಕೂ ಕಡೆಗೆ ಮೆಲ್ಲಗೆ ಬಾಗಿಸಬೇಕು. ಚಿಟ್ಟೆಂಬ ಸದ್ದು ಬಂದರೆ, ಉಗುರು ಹಾಯಿಸಿದಾಗ ಅಡ್ಡಗೆರೆ ತಡೆದರೆ, ಆ ಬಾಣ ಮುಗಿಯಿತು. ಮನೆಯಲ್ಲಿ ಯಾರಾದರೂ ಕಾರ್ಬನ್ ಬಾಣ ಬಳಸುತ್ತಿದ್ದರೆ ಅದನ್ನು ಬಾಗಿಸುವುದರ ಜೊತೆಗೆ ತಿರುಚಿಯೂ ನೋಡಬೇಕು, ಏಕೆಂದರೆ ಸೀಳಿದ ಕಾರ್ಬನ್ ಹೆದೆಯ ಒತ್ತಡಕ್ಕೆ ಒಡೆದು ಸೂಜಿಯಂಥ ಚೂರುಗಳಾಗಿ ಬಿಲ್ಲು ಹಿಡಿದ ಕೈಯನ್ನು ಹೊಕ್ಕುತ್ತದೆ. ಕೆಟ್ಟ ಬಾಣವನ್ನು ಮೂಲೆಯಲ್ಲಿಟ್ಟರೆ ಮುಂದಿನ ಭಾನುವಾರ ಯಾರೋ ಅದನ್ನೇ ಎತ್ತಿಕೊಳ್ಳುತ್ತಾರೆ. ಮರದ್ದಾದರೆ ಅಂದೇ ಎರಡಾಗಿ ಮುರಿದುಬಿಡಿ. ಕಾರ್ಬನ್ನಿನದನ್ನು ಮುರಿಯಲು ಹೋಗದೆ, ಸೀಳಿದ ಜಾಗಕ್ಕೆ ಟೇಪು ಸುತ್ತಿ, ನಾಕನ್ನು ಕಿತ್ತು, ದಪ್ಪ ವೃತ್ತಪತ್ರಿಕೆಯಲ್ಲಿ ಕಟ್ಟಿ, ಮೇಲೆ ಒಡೆದ ವಸ್ತು ಎಂದು ಬರೆದು ಒಣಕಸದ ಜೊತೆ ಬೇರೆಯಾಗಿ ಕೊಡಿ; ಆ ಚೀಲಕ್ಕೆ ಕೈ ಹಾಕುವ ಪೌರಕಾರ್ಮಿಕರಿಗೆ ಒಳಗೇನಿದೆ ಎಂದು ಗೊತ್ತಿರುವುದಿಲ್ಲ.